ನಡುಗಡ್ಡೆಗೊಂದು ತಗ್ಗಿನ ದಾರಿ

ಕೈಯಲ್ಲಿರುವ ಫೋನು ಹತ್ತಿರದ ಟವರ್‌ನೊಡನೆ ಮಾತಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಟವರ್ ಮುಂದೆ ಯಾರೊಡನೆ ಮಾತಾಡುತ್ತದೆ ಎಂದು ಕೇಳುವವರು ಕಡಿಮೆ. ಕೇಬಲ್ ಎಳೆಯಲಾಗದ ಕಡೆಗಳಲ್ಲಿ ಟವರ್‌ಗೆ ಒಂದು ದುಂಡನೆಯ ಡಿಶ್ ಕಟ್ಟಿರುತ್ತಾರೆ. ಅದು ಎಷ್ಟೋ ಮೈಲಿ ಆಚೆಯ ಇನ್ನೊಂದು ಟವರ್‌ನ ಡಿಶ್ಶಿಗೆ ಮುಖಕೊಟ್ಟು ನಿಂತು, ಒಂದೂರಿನ ಮಾತನ್ನೆಲ್ಲ ಮೈಕ್ರೋವೇವ್ ಎಂಬ ಕಣ್ಣಿಗೆ ಕಾಣದ ಕಿರಣದಲ್ಲಿ ದಾಟಿಸುತ್ತದೆ. ಯಾವ ಟವರ್ ಯಾವುದನ್ನು ನೋಡಬೇಕು, ಎಷ್ಟೆತ್ತರದಿಂದ ನೋಡಬೇಕು, ನಡುವೆ ಗುಡ್ಡವೋ ಮರವೋ ಯಾರೋ ಹೊಸದಾಗಿ ಕಟ್ಟಿಸಿದ ಮಹಡಿಯೋ ಅಡ್ಡ ಬರುತ್ತದೆಯೇ ಎಂಬುದನ್ನು ಮುಂಚಿತವಾಗಿ ಗೊತ್ತುಮಾಡುವುದು ಒಂದು ಕಸುಬು. ಈ ಕಥೆಯ ಹೆಂಗಸು ತನ್ನ ಹರೆಯದಿಂದಲೂ ಮಾಡಿಕೊಂಡು ಬಂದದ್ದು ಅದನ್ನೇ.

ಕಚೇರಿಯಲ್ಲಿ ಆಕೆಗೆ ಸಂಬಂಧದಮ್ಮ ಎಂದು ಹೆಸರು. ಅದನ್ನಿಟ್ಟವನು ಟವರ್ ಹತ್ತುವ ತಂಡದ ಮೇಸ್ತ್ರಿ. ಯಾರಾದರೂ ಹೊಸಬರು ಕಾರಣ ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು: "ಎರಡು ಕಡೆಯೋರೂ ಮುಖಾಮುಖಿ ನೋಡ್ಬೇಕು, ಎತ್ತರ ಹೊಂದ್ಬೇಕು, ನಡುವೆ ಕಡ್ಡಿ ಆಡ್ಸೋರು ಇರಬಾರ್ದು. ಇದು ಸಂಬಂಧ ಕುದುರಿಸೋದಲ್ದೆ ಮತ್ತೇನ್ರೀ?" ಆಕೆಯೂ ಈ ಹೆಸರಿಗೆ ಮುನಿಸಿಕೊಂಡವಳಲ್ಲ. ಎರಡು ಡಿಶ್ಶುಗಳ ನಡುವೆ ಹೊಸ ಲಿಂಕ್ ಒಂದು ಮೊದಲ ಸಲ ಜೀವ ತಳೆದಾಗ, "ಒಪ್ಪಿಗೆ ಆಯ್ತು ಕಣ್ರೋ" ಎಂದು ತಾನೇ ಸಾರುತ್ತಿದ್ದಳು.

ಆಕೆಯ ತಂದೆ ರಸ್ತೆ ಅಳೆಯುವ ತಂಡದಲ್ಲಿ ಸರಪಳಿ ಹಿಡಿಯುತ್ತಿದ್ದವರು. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಲ್ಲಿ ದೂರದ ಕೋಲನ್ನು ಗುರಿಯಿಟ್ಟು ನೋಡುವುದನ್ನು ಮಗಳು ಅಕ್ಷರ ಕಲಿಯುವ ಮೊದಲೇ ಕಲಿತಿದ್ದಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮೊಬೈಲ್ ಕಂಪನಿಯ ಯೋಜನಾ ವಿಭಾಗಕ್ಕೆ ಸೇರಿದಾಗ ಅಲ್ಲಿ ಆಕೆಯೊಬ್ಬಳೇ ಹೆಂಗಸು. ಕಚೇರಿ ಇದ್ದದ್ದು ಒಂದು ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿಯಲ್ಲಿ. ವಾರ್ನಿಷ್ ವಾಸನೆ ನೆಲದ ಹಲಗೆ ಸಂದುಗಳಿಂದ ಮೇಲೇರಿ ಬರುತ್ತಿತ್ತು. ಗೋಡೆಗೆ ಇಡೀ ಪ್ರಾಂತ್ಯದ ನಕ್ಷೆ, ನಕ್ಷೆಯ ತುಂಬ ಗುಂಡುಸೂಜಿ, ಸೂಜಿಯಿಂದ ಸೂಜಿಗೆ ಕೆಂಪು ದಾರ. ಎತ್ತರ ತಗ್ಗುಗಳನ್ನು ಕಂಪ್ಯೂಟರ್ ಹೇಳುತ್ತಿತ್ತಾದರೂ, ಹೋಗಿ ನೋಡಿ ಬಾರದೆ ಯಾವ ದಾರವನ್ನೂ ಆಕೆ ಕಟ್ಟಿದವಳಲ್ಲ. ಒಬ್ಬರು ಈ ತುದಿಯಲ್ಲಿ ನಿಂತು ಕನ್ನಡಿಯಲ್ಲಿ ಬಿಸಿಲನ್ನು ಹಿಡಿದು ಆ ತುದಿಗೆ ಹೊಡೆಯಬೇಕು; ಅಲ್ಲಿರುವವರ ಕಣ್ಣಿಗೆ ಮಿಂಚು ಬಿದ್ದರೆ ದಾರಿ ತೆರವಾಗಿದೆ ಎಂದರ್ಥ. ಈ ಕೆಲಸಕ್ಕೆಂದೇ ಆಕೆಯ ಚೀಲದಲ್ಲಿ ಕ್ಷೌರದಂಗಡಿಯ ದಪ್ಪ ಕನ್ನಡಿಯೊಂದು ಸದಾ ಇರುತ್ತಿತ್ತು.

ಹೀಗೆ ದಿಗಂತವನ್ನೇ ನೋಡಿ ನೋಡಿ ಆಕೆಗೆ ಅದು ರೂಢಿಯಾಗಿಬಿಟ್ಟಿತ್ತು. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಗಂಡ ನೆಂಟರೆದುರು ನಗೆಯಾಡುತ್ತಿದ್ದ: "ಇವಳು ನನ್ನ ಮುಖ ನೋಡ್ತಾಳೆ ಅಂತ ನಾನು ಹಿಗ್ತೀನಿ. ನೋಡ್ತಿರೋದು ನನ್ನ ತಲೆ ಹಿಂದಿನ ನೀರಿನ ಟ್ಯಾಂಕನ್ನ!"

ಪಟ್ಟಣದ ಬಂದರಿನಿಂದ ನೋಡಿದರೆ ಕೊಲ್ಲಿಯ ಆಚೆ, ನೀರಿನ ಮೇಲೆ ಮಲಗಿದ ಎಮ್ಮೆಯ ಬೆನ್ನಿನಂತೆ ಒಂದು ನಡುಗಡ್ಡೆ ಕಾಣುತ್ತಿತ್ತು. ಅಲ್ಲಿ ಮೀನುಗಾರರ ಮನೆಗಳು, ಮೀನಿಡುವ ಒಂದು ಶೀತಲಗೃಹ, ಒಂದು ಶಾಲೆ, ಒಂದು ಚಿಕ್ಕ ಆಸ್ಪತ್ರೆ. ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲ. ಎಲ್ಲವನ್ನೂ ಒಬ್ಬ ನರ್ಸಮ್ಮ ನೋಡಿಕೊಳ್ಳಬೇಕು. ಕಷ್ಟದ ರೋಗಿ ಬಂದರೆ ಪಟ್ಟಣಕ್ಕೆ ಹೋಗುವ ಲಾಂಚ್ ದೋಣಿಯನ್ನೇ ಕಾಯಬೇಕು; ಫೋನೊಂದಿದ್ದರೆ ಪಟ್ಟಣದ ಡಾಕ್ಟರನ್ನು ಕೇಳಿಕೊಂಡು ಔಷಧ ಕೊಡಬಹುದು. ಆ ನಡುಗಡ್ಡೆ ಸಂಬಂಧದಮ್ಮನ ಅತ್ತೆಯ ತವರು. ಆ ನರ್ಸಮ್ಮ ಅತ್ತೆಯ ಒಡಹುಟ್ಟಿದ ತಂಗಿ, ಸೊಸೆಗೆ ಚಿಕ್ಕತ್ತೆ.

ಕಂಪನಿ ಅಲ್ಲಿ ಟವರ್ ನಿಲ್ಲಿಸಿದಾಗ ಊರಿಗೆ ಊರೇ ಸೇರಿತ್ತು. ಪಟ್ಟಣದ ಹಿಂದಿನ ಗುಡ್ಡದ ನೆತ್ತಿಯಲ್ಲಿದ್ದ ಟವರ್‌ಗೂ ಇದಕ್ಕೂ ಕೊಲ್ಲಿಯ ಮೇಲಿನಿಂದ ನೇರ ಲಿಂಕ್. ನಕ್ಷೆ ಹಾಕಿದವಳು ಸಂಬಂಧದಮ್ಮನೇ. ನಡುಗಡ್ಡೆಯ ಡಿಶ್ಶನ್ನು ಟವರ್‌ನ ಅರ್ಧಕ್ಕಿಂತ ತುಸು ಮೇಲೆ ಕಟ್ಟಿಸಿದ್ದಳು. ಉಬ್ಬರಗಳು ಸಣ್ಣವಿದ್ದ ಮೊದಲ ವಾರ ಎಲ್ಲ ನೆಟ್ಟಗಿತ್ತು. ಆಮೇಲೆ ಸಮುದ್ರದಲ್ಲಿ ಉಬ್ಬರ ಬಂದಾಗಲೆಲ್ಲ ನಡುಗಡ್ಡೆಯ ಫೋನುಗಳು ಒಮ್ಮೆಲೇ ಸತ್ತು, ನೀರು ಇಳಿದ ಮೇಲೆ ಎದ್ದು ಕೂರತೊಡಗಿದವು. ಮೀನುಗಾರರು "ನೀರು ಏರಿದ್ರೆ ಫೋನು ಮುಳುಗುತ್ತೆ" ಎಂದು ಗಾದೆಯನ್ನೇ ಕಟ್ಟಿದರು.

ಮನೆಯಲ್ಲಿ ಸೊಪ್ಪು ಬಿಡಿಸುತ್ತ ಕುಳಿತ ಅತ್ತೆಗೆ ಇದು ಕೈಗೆ ಸಿಕ್ಕ ಕೋಲಾಯಿತು.

"ಏನೇ, ಊರೋರಿಗೆಲ್ಲ ಸಂಬಂಧ ಕೂಡಿಸ್ತೀಯಂತೆ. ನನ್ನ ತವರು ಅಂದ್ರೆ ಮಾತ್ರ ನಿಂಗೆ ಕೈ ಬರಲ್ವೇನೇ?"

"ಹಾಗಲ್ಲ ಅತ್ತೆ. ನೀರು ಏರಿದಾಗ ಕಿರಣದ ಕಾಲಿಗೆ ತಾಗ್ತಿರಬೇಕು. ಸೀರೆ ಎತ್ತಿ ಹಿಡಿದ ಹಾಗೆ ಡಿಶ್ಶನ್ನ ಒಂದಿಷ್ಟು ಮೇಲೆತ್ತಿದ್ರೆ ಸರಿಹೋಗುತ್ತೆ. ನಾಳೆ ಟವರ್ ತುದಿಗೆ ಏರಿಸ್ತಿದ್ದೀವಿ."

"ಏರ್ಸಿ, ಏರ್ಸಿ. ಆಕಾಶಕ್ಕೆ ಏಣಿ ಹಾಕೋರು ನೀವು. ಅಲ್ಲಿ ನನ್ನ ತಂಗಿ ಜ್ವರದ ಮಗೂನ ತೊಡೆ ಮೇಲಿಟ್ಕೊಂಡು ಹಲೋ ಹಲೋ ಅಂತ ಗೋಡೆ ಹತ್ರ ಮಾತಾಡ್ತಿರ್ಲಿ."

ಸಂದೇಹ ಬಂದಾಗ ಡಿಶ್ ಮೇಲೇರಿಸುವುದು ಆ ಕಸುಬಿನವರ ಮೈಗೂಡಿದ ಚಟ. ಎತ್ತರದಲ್ಲಿದ್ದವನಿಗೆ ಹೆಚ್ಚು ಕಾಣುತ್ತದೆ ಎಂಬುದನ್ನು ಅಲ್ಲಗಳೆಯುವವರು ಯಾರು? ಮೇಸ್ತ್ರಿಯ ತಂಡ ಹೋಗಿ ಡಿಶ್ಶನ್ನು ತುತ್ತತುದಿಗೆ ಕಟ್ಟಿ ಬಂದಿತು. ಆದದ್ದು ಇಷ್ಟು: ಮೊದಲು ಉಬ್ಬರದಲ್ಲಿ ಮಾತ್ರ ಸಾಯುತ್ತಿದ್ದ ಲಿಂಕ್ ಈಗ ಇಳಿತದಲ್ಲೂ ಹೊಯ್ದಾಡತೊಡಗಿತು.

ಯೋಜನಾ ವಿಭಾಗದ ಮುಖ್ಯಸ್ಥರು ಕೆಟ್ಟವರೇನಲ್ಲ. ಆದರೆ ಅವರ ಮೇಲೂ ಒತ್ತಡವಿತ್ತು. ಆಕೆಯನ್ನು ಕರೆದು ಕೂರಿಸಿ, ಮೇಜಿನ ಮೇಲಿನ ಪೆನ್ನನ್ನು ಒಮ್ಮೆ ಅತ್ತ ಒಮ್ಮೆ ಇತ್ತ ಇಟ್ಟು ಹೇಳಿದರು:

"ಮೇಡಂ, ನೀರಿನ ಮೇಲಿನ ಲಿಂಕ್ ಬೇಡ ಅಂತ ಎಷ್ಟೋ ಜನ ಹೇಳಿದ್ರು, ನಿಮ್ಮ ಮಾತು ನಂಬಿ ನಾನು ಹೂಂ ಅಂದೆ. ಈಗ ಮೇಲಿನೋರು ಆ ಟವರ್ ಬಿಚ್ಚಿ ಹೆದ್ದಾರಿ ಪಕ್ಕದ ಹೊಸ ಬಡಾವಣೆಗೆ ಹಾಕಿ ಅಂತಿದ್ದಾರೆ. ಬರೋ ಹುಣ್ಣಿಮೆವರೆಗೆ ತಡೆದು ಇಟ್ಕೋತೀನಿ. ಹುಣ್ಣಿಮೆ ಉಬ್ಬರದಲ್ಲಿ ಲಿಂಕ್ ನಿಂತ್ರೆ ಟವರ್ ನಿಲ್ಲುತ್ತೆ. ಇಲ್ದಿದ್ರೆ ಬಿಚ್ತೀವಿ."

ಹುಣ್ಣಿಮೆಯ ಉಬ್ಬರವೆಂದರೆ ನೀರು ಅತಿ ಎತ್ತರಕ್ಕೆ ಏರುವ ಹೊತ್ತು. ಟವರ್ ಹೋದರೆ ನಡುಗಡ್ಡೆ ಮತ್ತೆ ಲಾಂಚ್ ಬರುವುದನ್ನೇ ಕಾಯಬೇಕು. ಚಿಕ್ಕತ್ತೆಯ ಕಾಯಿಲೆಯವರೂ ಕಾಯಬೇಕು.

ಆಕೆ ತನ್ನ ಮೇಜಿಗೆ ಹಿಂತಿರುಗಿ, ಡಿಶ್ ನಡುಮಟ್ಟದಲ್ಲಿದ್ದ ದಿನಗಳ ಸಿಗ್ನಲ್ ಗೆರೆಯನ್ನೂ ತುದಿಗೇರಿಸಿದ ಮೇಲಿನ ಗೆರೆಯನ್ನೂ ಅಕ್ಕಪಕ್ಕದಲ್ಲಿ ತೆರೆದಿಟ್ಟಳು. ನೀರು ಕಿರಣಕ್ಕೆ ಅಡ್ಡ ಬರುತ್ತಿದ್ದರೆ ಎತ್ತರಿಸಿದ ಮೇಲೆ ಗುಣ ಕಾಣಬೇಕಿತ್ತು. ಗುಣ ಕಾಣುವ ಬದಲು ರೋಗ ಉಲ್ಬಣಿಸಿದೆ. ಹಾಗಾದರೆ ನೀರು ಮಾಡುತ್ತಿರುವ ಕೇಡು ಬೇರೆಯದು. ಗುಡ್ಡದ ಡಿಶ್ಶಿನಿಂದ ಹೊರಟ ಅಲೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಒಂದು ಪಾಲು ನೇರವಾಗಿ ಬರುತ್ತದೆ; ಇನ್ನೊಂದು ಪಾಲು ಸಮುದ್ರದ ಮೇಲೆ ಬಿದ್ದು, ಕನ್ನಡಿಗೆ ಬಿದ್ದ ಬಿಸಿಲಿನಂತೆ ಪುಟಿದು ಬರುತ್ತದೆ. ಇಬ್ಬರೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ಬಂದರೆ ಸರಿ. ಒಬ್ಬನ ಹೆಜ್ಜೆ ಏರುವಾಗ ಇನ್ನೊಬ್ಬನದು ಇಳಿದರೆ ಒಬ್ಬರನ್ನೊಬ್ಬರು ತಿಂದುಹಾಕುತ್ತಾರೆ. ನೀರು ಏರಿಳಿದಂತೆ ಕನ್ನಡಿಯೂ ಏರಿಳಿಯುತ್ತದೆ, ಹೆಜ್ಜೆ ತಪ್ಪುತ್ತಲೇ ಇರುತ್ತದೆ.

ಮೊದಲು ಇಳಿತದಲ್ಲಿ ಲಿಂಕ್ ಏಕೆ ನೆಟ್ಟಗಿತ್ತು? ಆಕೆ ಪುಟಿಯುವ ಜಾಗವನ್ನು ನಕ್ಷೆಯ ಮೇಲೆ ಗುರುತಿಸಿದಳು. ಅದು ಬಿದ್ದದ್ದು ನಡುಗಡ್ಡೆಯ ಮುಂದಿನ ಕಲ್ಲುದಂಡೆಯ ಮೇಲೆ. ನೀರಿಳಿದಾಗ ಕಲ್ಲುಗಳು ತಲೆಯೆತ್ತಿ ಅಲೆಯನ್ನು ಚೆದುರಿಸುತ್ತಿದ್ದವು. ಉಬ್ಬರದಲ್ಲಿ ಅವು ಮುಳುಗಿ, ಮೇಲೆ ನೀರು ನುಣ್ಣನೆಯ ಕನ್ನಡಿ ಹಾಸುತ್ತಿತ್ತು. ಡಿಶ್ಶನ್ನು ತುದಿಗೇರಿಸಿ ತಾನು ಮಾಡಿದ್ದೇನೆಂದರೆ, ಪುಟಿಯುವ ಜಾಗವನ್ನು ಆ ಕಲ್ಲುಗಳಿಂದಲೂ ಆಚೆ, ತೆರೆದ ನೀರಿಗೆ ತಳ್ಳಿದ್ದು.

ಡಿಶ್ ಏರಿದಷ್ಟೂ ಆ ಜಾಗ ಸಮುದ್ರದ ಕಡೆಗೆ ಸರಿಯುತ್ತದೆಯಾದರೆ, ಇಳಿದಷ್ಟೂ ದಡದ ಕಡೆಗೆ ಬರಬೇಕು. ಸಾಕಷ್ಟು ಇಳಿಸಿದರೆ ದಡವನ್ನೇ ಹತ್ತಬೇಕು. ಒಡೆದ ಕಲ್ಲು, ಮುಳ್ಳುಪೊದೆ, ಗುಂಡಿ ದಿಣ್ಣೆಗಳ ಮೇಲೆ ಬಿದ್ದ ಅಲೆ ಮತ್ತೆ ಒಂದುಗೂಡಿ ಬರಲಾರದು. ಗುಡ್ಡದ ಟವರ್ ಹೇಗೂ ನೆತ್ತಿಯಲ್ಲಿದೆ. ಈ ತುದಿ ತಗ್ಗಿದರೂ ಅದು ಕಾಣುತ್ತದೆ.

ಮರುದಿನ ಮುಖ್ಯಸ್ಥರ ಕೋಣೆಯಲ್ಲಿ ಈ ಮಾತು ಆಡಿದಾಗ ಅವರು ಕನ್ನಡಕ ತೆಗೆದರು.

"ಕೆಳಗೆ ಅಂದ್ರೆ ಎಷ್ಟು ಕೆಳಗೆ?"

"ಬುಡದ ಹತ್ರ ಸರ್. ಎರಡಂತಸ್ತಿನ ಮನೆ ಮಾಳಿಗೆಯಷ್ಟು."

"ಅಷ್ಟುದ್ದದ ಟವರ್ ಯಾಕೆ ಕಟ್ಟಿದ್ವಿ ಹಾಗಾದ್ರೆ?"

"ಜನರ ಫೋನಿಗೆ ಸರ್. ಫೋನಿನ ಆಂಟೆನಾಗಳು ತುದೀಲೇ ಇರ್ಲಿ. ಗುಡ್ಡವನ್ನ ನೋಡೋ ಡಿಶ್ ಮಾತ್ರ ಇಳೀಲಿ."

ಅವರು ಆಕೆ ಬರೆದು ತಂದಿದ್ದ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು. ಗೆರೆಗಳನ್ನು ಬೆರಳಿನಿಂದ ತಾವೇ ಮತ್ತೊಮ್ಮೆ ಎಳೆದರು. "ಪುಸ್ತಕದಲ್ಲಿ ಓದಿದ್ದೆ. ಮಾಡಿದೋರನ್ನ ನೋಡಿಲ್ಲ" ಎಂದರು. "ಮೇಸ್ತ್ರೀನ ಕರ್ಕೊಂಡು ಹೋಗಿ."

ಮೇಸ್ತ್ರಿ ಕೇಳಿ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. "ತಲೆಗೆ ಸುತ್ತೋ ರುಮಾಲನ್ನ ಮೊಣಕಾಲಿಗೆ ಕಟ್ಟು ಅಂತೀರಲ್ಲಮ್ಮಾ! ನಮ್ಮ ಜಾತಿಯೋರು ನೋಡಿದ್ರೆ ನನ್ನ ಟವರ್ ಹತ್ತೋಕೆ ಬಿಡ್ತಾರಾ?" ಎಂದ. ಹತ್ತುವವರದೇ ಒಂದು ಜಾತಿ ಎಂಬುದು ಅವನ ಹಳೆಯ ನಗೆಮಾತು.

ಲಾಂಚ್ ಹೊರಡುವ ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದರು.

"ನೀವೆಲ್ಲಿಗೆ ಅತ್ತೆ?"

"ನನ್ನ ತಂಗಿ ಮನೆಗೆ. ಅದಕ್ಕೂ ಕಂಪನಿ ಅಪ್ಪಣೆ ಬೇಕೇನು?"

ನಡುಗಡ್ಡೆಗೆ ಇಳಿದೊಡನೆ ಆಕೆ ಟವರ್‌ನತ್ತ ಹೋಗದೆ ದಡ ಹಿಡಿದು ನಡೆದಳು. ಲೆಕ್ಕ ಹೇಳಿದ ಜಾಗದಲ್ಲಿ ಆನೆಗಾತ್ರದ ಬಂಡೆಗಳೂ ಸೊಂಟದೆತ್ತರದ ಪೊದೆಗಳೂ ಕಾಲಿಡಲು ಬಿಡದಂತೆ ಹಬ್ಬಿದ್ದವು. ಸೆರಗಿಗೆ ಮುಳ್ಳು ಸಿಕ್ಕಿಸಿಕೊಂಡ ಅತ್ತೆ ಬೈದುಕೊಂಡರು: "ಇಲ್ಲಿ ಕತ್ತೇನೂ ಮೇಯಲ್ಲ. ಇಲ್ಲಿಗೆ ಯಾಕೆ ಕರ್ಕೊಂಡು ಬಂದೆ?"

"ಎಷ್ಟು ಕೆಟ್ಟದಾಗಿದೆ ನೋಡೋಣ ಅಂತ. ತುಂಬಾ ಕೆಟ್ಟದಾಗಿದೆ ಅತ್ತೆ, ಬಹಳ ಚೆನ್ನಾಗಿದೆ!"

ಸೊಸೆಯ ತಲೆ ಕೆಟ್ಟಿದೆ ಎಂದು ಅತ್ತೆಗೆ ಖಾತ್ರಿಯಾದದ್ದು ಆಗ.

ಆಮೇಲೆ ಆಕೆ ಸೊಂಟಕ್ಕೆ ಬೆಲ್ಟು ಬಿಗಿದು, ತಾನು ಗೊತ್ತುಮಾಡಿದ ಮಟ್ಟದವರೆಗೆ ಟವರ್ ಹತ್ತಿದಳು. ಗುಡ್ಡದ ಮೇಲೆ ತಂಡದ ಇನ್ನೊಬ್ಬ ಕನ್ನಡಿ ಹಿಡಿದು ಸಿದ್ಧನಾಗಿದ್ದ. ಕಾದಳು. ಮಿಂಚು ಕಾಣಲಿಲ್ಲ. ದುರ್ಬೀನು ಹಿಡಿದರೆ, ಗುಡ್ಡದ ನೆತ್ತಿಗೂ ತನಗೂ ನಡುವೆ ಶೀತಲಗೃಹದ ಮಾಳಿಗೆಯ ಮೇಲಿನ ಹೊಸ ನೀರಿನ ತೊಟ್ಟಿ. ಒಂದು ಮೆಟ್ಟಿಲು ಏರಿದಳು, ಇಲ್ಲ. ಇನ್ನೊಂದು, ಇಲ್ಲ. ಇನ್ನೂ ಕೆಲವು ಮೆಟ್ಟಿಲು ಏರಿದ ಮೇಲೆ ತೊಟ್ಟಿಯ ಅಂಚಿನ ಮೇಲಿನಿಂದ ಸೂಜಿಮೊನೆಯಂಥ ಬೆಳಕು ಕಣ್ಣಿಗೆ ಚುಚ್ಚಿತು. ಕಿರಣ ತೊಟ್ಟಿಗೆ ತಾಗದೆ ಹಾಯಲೆಂದು ಅದಕ್ಕಿಂತ ಒಂದಾಳುದ್ದ ಮೇಲೆ ಸುಣ್ಣದ ಗುರುತು ಹಾಕಿದಳು. ಮನಸ್ಸಿನಲ್ಲೇ ಪುಟಿಯುವ ಜಾಗವನ್ನು ಮತ್ತೆ ಅಳೆದಳು: ತುಸು ಮುಂದೆ ಸರಿದಿದೆ, ಆದರೂ ಬಂಡೆಗಳ ನಡುವೆಯೇ ಇದೆ. ಸಾಕು.

ಮೇಸ್ತ್ರಿ ತುದಿಯ ಡಿಶ್ಶಿನ ಬೋಲ್ಟ್ ಸಡಿಲಿಸಿ ಅದನ್ನು ಹಗ್ಗದಲ್ಲಿ ಇಳಿಬಿಡುವ ಹೊತ್ತಿಗೆ ಕೆಳಗೆ ಜನ ಸೇರಿದ್ದರು. ಅವರ ಮುಖ ಗಂಟಿಕ್ಕಿತ್ತು. ಶೀತಲಗೃಹದ ಮಾಲೀಕ ಮುಂದೆ ಬಂದ.

"ಮೇಲಿದ್ದಾಗ್ಲೇ ಮಾತು ಬರ್ತಿರ್ಲಿಲ್ಲ. ಕೆಳಗಿಳಿಸಿದ್ರೆ ಬರುತ್ತಾ? ನಮ್ಮನ್ನ ಕುರಿ ಅಂದ್ಕೊಂಡ್ರಾ? ಬಿಚ್ಕೊಂಡು ಹೋಗೋಕೆ ಬಂದಿದ್ದೀರಿ, ನಮಗೆ ಗೊತ್ತಾಗಿದೆ!"

"ಇವತ್ತು ಡಿಶ್ಶು, ನಾಳೆ ಟವರ್ರು!" ಎಂದು ಹಿಂದಿನಿಂದ ಕೂಗು. ಇಬ್ಬರು ಹಗ್ಗಕ್ಕೆ ಕೈಹಾಕಿದರು. ಡಿಶ್ ನಡುಗಾಳಿಯಲ್ಲಿ ನೇತಾಡಿತು. ಟವರ್ ಬಿಚ್ಚುವ ಸುದ್ದಿ ಸುಳ್ಳಲ್ಲವಾದ್ದರಿಂದ ಸಂಬಂಧದಮ್ಮ ಅದನ್ನು ಅಲ್ಲಗಳೆಯಲು ಹೋಗಲಿಲ್ಲ. ಎರಡು ಅಲೆ, ಕನ್ನಡಿ, ಹೆಜ್ಜೆ ಎಂದು ಬಿಡಿಸಿ ಹೇಳಹೊರಟಳು. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಗುಂಪನ್ನು ಮೊಣಕೈಯಿಂದ ಸೀಳಿಕೊಂಡು ಅತ್ತೆ ಬಂದರು.

"ಯಾರೋ ಅದು ಹಗ್ಗ ಹಿಡಿದಿರೋನು? ನಿನ್ನ ಅಪ್ಪ ಲಂಗೋಟಿ ಕಟ್ಟೋಕೆ ಕಲಿಯೋ ಮೊದ್ಲಿಂದ ನಾನು ಈ ಊರ ಮಗಳು. ಬಿಡು ಕೈ!"

ಕೈ ಬಿಟ್ಟಿತು.

"ನನ್ನ ಸೊಸೇನ ಬೈಯೋ ಹಕ್ಕು ನನ್ನೊಬ್ಬಳದ್ದು. ದಿನಾ ಬೈತೀನಿ, ಮನೇಲಿ ಬೈದಿದ್ದು ಸಾಲ್ದೆ ಲಾಂಚ್‌ನಲ್ಲೂ ಬೈದಿದ್ದೀನಿ. ಆದ್ರೆ ಬೆಳಿಗ್ಗೆಯಿಂದ ಈ ಹುಡುಗಿ ಮುಳ್ಳಲ್ಲಿ ನಡೆದು, ಕಂಬಕ್ಕೆ ಜೋತುಬಿದ್ದು, ಒಂದು ಲೋಟ ನೀರೂ ಕುಡಿದಿಲ್ಲ. ಕಿತ್ಕೊಂಡು ಹೋಗೋಳಾಗಿದ್ರೆ ಇಷ್ಟು ಕಷ್ಟ ಯಾಕೆ ಪಡ್ತಿದ್ಲು? ಹುಣ್ಣಿಮೆವರೆಗೆ ಸುಮ್ನಿರಿ. ಆಗ್ಲೂ ಮಾತು ಬರ್ದಿದ್ರೆ ನಾನೇ ನಿಮ್ಮ ಜೊತೆ ನಿಂತು ಬೈತೀನಿ."

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶೀತಲಗೃಹದ ಮಾಲೀಕ ಪಕ್ಕಕ್ಕೆ ಸರಿದ. ಮೇಲಿನಿಂದ ಮೇಸ್ತ್ರಿ ಕೂಗಿದ: "ಅಜ್ಜೀ, ನಮ್ಮ ಕಂಪನಿಗೆ ಬರ್ತೀರಾ?"

"ನಿನ್ನ ಕಂಪನಿಗೆ ನನ್ನ ಸೊಸೆ ಒಬ್ಬಳು ಸಾಲ್ದಾ? ನೋಡ್ಕೊಂಡು ಇಳ್ಸೋ!"

ಅಂದೇ ಸಂಜೆಗೆ ಮೊದಲು ಡಿಶ್ ಸುಣ್ಣದ ಗುರುತಿನಲ್ಲಿ ಕುಳಿತಿತು. ಮೇಸ್ತ್ರಿ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸುತ್ತ, ಮೀಟರಿನ ಅಂಕಿ ಲೆಕ್ಕಕ್ಕೆ ಸರಿಬರುವವರೆಗೂ ಬಿಡಲಿಲ್ಲ. ಅಂಕಿ ಕೂಡಿತು. ಆದರೆ ಆಗ ನೀರು ಅರ್ಧ ಇಳಿದಿತ್ತು. ಅಷ್ಟಕ್ಕೇ ಹಿಗ್ಗಲು ಆಕೆ ತಯಾರಿರಲಿಲ್ಲ. ಮುಂದಿನ ದಿನಗಳಲ್ಲಿ ಉಬ್ಬರಗಳು ಬಂದುಹೋದವು, ಸಿಗ್ನಲ್ ಗೆರೆ ಮಿಸುಕಲಿಲ್ಲ. ಪ್ರತಿ ಉಬ್ಬರವೂ ಹಿಂದಿನದಕ್ಕಿಂತ ದೊಡ್ಡದು, ಎಲ್ಲಕ್ಕಿಂತ ದೊಡ್ಡದು ಇನ್ನೂ ಬಾಕಿ.

ಹುಣ್ಣಿಮೆಯ ಮಧ್ಯಾಹ್ನ ಮುಖ್ಯಸ್ಥರು ತಾವೇ ಲಾಂಚ್ ಹತ್ತಿ ಬಂದರು. ದೋಣಿಗಳು ಬಂದು ನಿಲ್ಲುವ ದಕ್ಕೆಯ ಕಲ್ಲುಮೆಟ್ಟಿಲ ಮೇಲೆ ಅತ್ತೆಯೂ ಊರವರೂ ಸಾಲಾಗಿ ಕುಳಿತಿದ್ದರು. ಟವರ್ ಅಲ್ಲಿಂದ ಕೂಗಳತೆಯಲ್ಲಿತ್ತು. ಮೇಸ್ತ್ರಿ ಅದರ ಬುಡದಲ್ಲಿ ಮೀಟರ್ ಹಿಡಿದು ಕುಳಿತ. ಸಂಬಂಧದಮ್ಮ ದಕ್ಕೆಯ ಮೇಲೆ, ನೀರಿಗೆ ಮುಖ ಮಾಡಿ ನಿಂತಳು.

ನೀರು ಒಂದು ಮೆಟ್ಟಿಲನ್ನು ನುಂಗಿತು.

"ಎಷ್ಟಿದೆ?" ಎಂದು ಆಕೆ ಕೂಗಿದಳು.

"ಅಲ್ಲೇ ಇದೆ!" ಎಂದ ಮೇಸ್ತ್ರಿ.

ಇನ್ನೊಂದು ಮೆಟ್ಟಿಲು ಮುಳುಗಿತು. ಕುಳಿತವರು ಒಂದೊಂದು ಮೆಟ್ಟಿಲು ಮೇಲೆ ಸರಿದರು.

"ಈಗ?"

"ಅಲ್ಲೇ ಇದೆ!"

ಮುಖ್ಯಸ್ಥರು ಪಟ್ಟಣದ ಕಚೇರಿಗೆ ತಮ್ಮ ಫೋನಿನಲ್ಲಿ ಕರೆ ಮಾಡಿ, ಕಡಿಯದೆ ಮಾತಾಡುತ್ತ ದಕ್ಕೆಯುದ್ದಕ್ಕೂ ಅಡ್ಡಾಡತೊಡಗಿದರು. ಮಾತಾಡಲು ವಿಷಯ ಮುಗಿದ ಮೇಲೆ ಆ ತುದಿಯಲ್ಲಿದ್ದ ಗುಮಾಸ್ತನಿಗೆ ಸಮುದ್ರದ ಬಣ್ಣವನ್ನು ವರ್ಣಿಸಿದರು. ಆಸ್ಪತ್ರೆಯ ಕಿಟಕಿಯಿಂದ ಚಿಕ್ಕತ್ತೆಯ ಗಟ್ಟಿ ದನಿ ಕೇಳುತ್ತಿತ್ತು. ಗಾಳ ಸಿಕ್ಕಿ ಅಂಗೈ ಹರಿದುಕೊಂಡ ಮೀನುಗಾರನೊಬ್ಬನಿಗೆ, ಪಟ್ಟಣದ ಡಾಕ್ಟರು ಹೇಳಿಕೊಟ್ಟಂತೆ ಆಕೆ ಹೊಲಿಗೆ ಹಾಕುತ್ತಿದ್ದಳು. "ಹೂಂ ಡಾಕ್ಟ್ರೇ, ಅದಾಯ್ತು, ಮುಂದೆ ಹೇಳಿ. ಏ, ನೀನು ಕೈ ಅಲ್ಲಾಡಿಸ್ಬೇಡ್ವೋ, ನಾನು ಫೋನ್ ಹಿಡೀಲಾ ನಿನ್ನ ಹಿಡೀಲಾ?"

ಮೂರನೆಯ ಸಲ ಆಕೆ ಕೇಳುವ ಮೊದಲೇ ಊರವರೇ ಕೇಳಿದರು: "ಎಷ್ಟಿದೆ ಮೇಸ್ತ್ರಿ?"

"ಅಲ್ಲೇ ಇದೆ!"

ಅದು ಆಟವೇ ಆಗಿಹೋಯಿತು. ಪ್ರತಿ ಮೆಟ್ಟಿಲು ಮುಳುಗಿದಾಗಲೂ ನೂರು ಗಂಟಲು ಒಟ್ಟಿಗೆ ಕೇಳಿದವು. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ನೂರು ಗಂಟಲು ಒಟ್ಟಿಗೆ ಉತ್ತರಿಸಿದವು. ಶೀತಲಗೃಹದ ಮಾಲೀಕನ ದನಿ ಎಲ್ಲರಿಗಿಂತ ಮೇಲಿತ್ತು. ನೀರು ಕಲ್ಲುದಂಡೆಯನ್ನು ಮುಚ್ಚಿತು, ದೋಣಿ ಕಟ್ಟುವ ಗೂಟಗಳ ಕತ್ತಿಗೆ ಬಂತು, ಕಡೆಯ ಮೆಟ್ಟಿಲಿಗೆ ನಾಲಗೆ ಚಾಚಿತು. ಎಲ್ಲರೂ ಎದ್ದು ದಕ್ಕೆಯ ಮೇಲೆ ಒತ್ತೊತ್ತಾಗಿ ನಿಂತರು. ಮೇಸ್ತ್ರಿ ಕೂಗುವುದನ್ನು ಬಿಟ್ಟು, ಮೀಟರನ್ನು ಎದೆಗವುಚಿಕೊಂಡು ಓಡೋಡಿ ಬಂದ. ಅಂಕಿ ಬೆಳಿಗ್ಗೆ ಇದ್ದಲ್ಲೇ ಇತ್ತು, ಗೀಟು ಎಳೆದಂತೆ.

ಮುಖ್ಯಸ್ಥರು ಫೋನ್ ಕಿವಿಯಿಂದ ತೆಗೆಯದೆಯೇ ಬಾಗಿ ನೋಡಿದರು. ಆಮೇಲೆ ಗುಮಾಸ್ತನಿಗೆ ಹೇಳಿದರು: "ಕೇಳ್ತಿದೆಯೇನಪ್ಪಾ? ಸ್ಪಷ್ಟವಾಗಿ ಬರ್ಕೋ. ನಡುಗಡ್ಡೆ ಟವರ್ ಬಿಚ್ಚೋದಿಲ್ಲ. ಹೆದ್ದಾರಿಯೋರಿಗೆ ಬೇರೆ ಟವರ್ ತರಿಸ್ಕೊಳ್ಳಿ ಅಂತ ಹೇಳು." ನಂತರ ಆಕೆಯ ಕಡೆ ತಿರುಗಿ, "ಮೇಡಂ, ಇನ್ನೂ ಮೂರು ಕಡೆ ನೀರಿಗೆ ಹೆದರಿ ಸುತ್ತುಬಳಸಿ ಲಿಂಕ್ ಹಾಕಿದ್ದೀವಿ. ನಾಳೆ ಆ ನಕ್ಷೆಗಳನ್ನ ತೆಗೀತೀರಾ?" ಎಂದರು.

"ನಾಳೆ ಬೇಡ ಸರ್, ನಾಡಿದ್ದು. ನಾಳೆ ಅತ್ತೆ ಜೊತೆ ಇಲ್ಲೇ ಇರ್ತೀನಿ."

ಊರಿನ ಗದ್ದಲದಲ್ಲಿ ಈ ಉತ್ತರ ಮುಳುಗಿಹೋಯಿತು. ಯಾರೋ ಮೇಸ್ತ್ರಿಯನ್ನು ಹೆಗಲ ಮೇಲೆ ಎತ್ತಿದ್ದರು. ಆಯುಷ್ಯವೆಲ್ಲ ಎತ್ತರದಲ್ಲೇ ಕಳೆದವನು ಬೀಳುವ ಭಯದಿಂದ ಅವರ ತಲೆಗೂದಲನ್ನು ಹಿಡಿದುಕೊಂಡಿದ್ದ. ನೀರು ಇನ್ನೂ ಒಂದಂಗುಲ ಏರಿ ದಕ್ಕೆಯ ಹಾಸುಗಲ್ಲನ್ನು ತೋಯಿಸಿತು. ಅತ್ತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಪಾದ ಮುಳುಗಿಸಿಕೊಂಡೇ ಸೊಸೆಯ ಪಕ್ಕ ನಿಂತರು.

"ಬರ್ಲಿ ಬಿಡೇ ಇನ್ನೂ ಒಂದಿಷ್ಟು" ಎಂದರು. "ಅದಕ್ಕೆ ಎಷ್ಟು ಕೈಲಾಗುತ್ತೋ ನೋಡೇಬಿಡೋಣ."